ವರ್ಷಕ್ಕೆ ಒಂದು ಟನ್ ಒಳಗಿದ್ರೆ ಯಾವ ಪರ್ಮಿಷನ್ನೂ ಬೇಡ್ವಾ?

ಆಮದು_ಹೊಸಬ
ನಮಸ್ಕಾರ ಎಲ್ರಿಗೂ. ಫ್ಲೋರ್ ಕ್ಲೀನರ್, ಡಿಟರ್ಜೆಂಟ್‌ಗೆ ಬೇಕಾಗೋ ಸರ್ಫ್ಯಾಕ್ಟೆಂಟ್ (ಕೊಳೆ ಬಿಡಿಸೋ ವಸ್ತು), ಸೆಂಟಿನ ಮಿಕ್ಸ್ ಇಂಥವನ್ನ ಯೂರೋಪ್, ಅಮೆರಿಕ, ಆಸ್ಟ್ರೇಲಿಯಾ ಮೂರೂ ಕಡೆ ಇಂಪೋರ್ಟ್ ಮಾಡೋ ಪ್ಲಾನ್ ನಮ್ಮ ಕಂಪನೀದು, ಪೇಪರ್ ವರ್ಕ್ ನನ್ನ ತಲೆಗೆ ಬಂದಿದೆ. ಸೀನಿಯರ್ ಒಬ್ರು ವರ್ಷಕ್ಕೆ ಒಂದು ಟನ್ ದಾಟದೇ ಇದ್ರೆ ಯಾರೂ ಏನೂ ಕೇಳಲ್ಲ ಅಂತಾರೆ, ಇನ್ನೊಬ್ರು ಆಸ್ಟ್ರೇಲಿಯಾದಲ್ಲಿ ಒಂದು ಕೆಜಿಗೂ ರಿಜಿಸ್ಟರ್ ಆಗ್ಬೇಕು ಅಂತಾರೆ. ಯಾರ್ ಹೇಳೋದು ಸರಿ? ಇನ್ನೊಂದು, ಹೊಸ ಕೆಮಿಕಲ್ ಬಂದಾಗ ಸರ್ಕಾರಾನೇ ಟೆಸ್ಟ್ ಮಾಡುತ್ತಾ, ಇಲ್ಲ ಕಂಪನಿ ಕೊಟ್ಟಿದ್ದನ್ನ ನೋಡಿ ಬಿಟ್ಬಿಡುತ್ತಾ? ಇದು ಜನ ದಿನಾ ಕೈಯಲ್ಲಿ ಮುಟ್ಟೋ ವಸ್ತು, ಅದಕ್ಕೇ ಕೇಳ್ತಿದ್ದೀನಿ.

ಬಿಳಿಕೋಟು
ಇಬ್ರು ಹೇಳೋದೂ ಅರ್ಧರ್ಧ ಸರಿ, ಆದ್ರೆ ಸೀನಿಯರ್ ಮಾತು ನಂಬ್ಕೊಂಡು ಹೋದ್ರೆ ಸಿಕ್ಕಾಕ್ಕೊಳ್ತೀರ.

ಒಂದು ಟನ್ ಅನ್ನೋದು ಕೆಮಿಕಲ್‌ಗಳಿಗೆ ಅಂತ ಇರೋ ಯೂರೋಪಿನ ರೀಚ್ ಕಾನೂನಿಂದ ಬಂದ ಲೆಕ್ಕ. ಅದು 2007ರಲ್ಲಿ ಜಾರಿಗೆ ಬಂತು, ನೋಡ್ಕೊಳ್ಳೋದು ಹೆಲ್ಸಿಂಕಿಯಲ್ಲಿರೋ ಎಕಾ ಅನ್ನೋ ಏಜೆನ್ಸಿ. ಒಂದು ಕಂಪನಿ ಒಂದು ವಸ್ತುವನ್ನ ವರ್ಷಕ್ಕೆ ಒಂದು ಟನ್ ಅಥವಾ ಅದಕ್ಕಿಂತ ಜಾಸ್ತಿ ತಯಾರಿಸಿದ್ರೆ ಇಲ್ಲ ಆಮದು ಮಾಡಿದ್ರೆ ರಿಜಿಸ್ಟ್ರೇಷನ್, 10 ಟನ್ ಮುಟ್ಟಿದ್ರೆ ಸುರಕ್ಷತೆಯ ದೊಡ್ಡ ರಿಪೋರ್ಟೂ ಸೇರ್ಕೊಳ್ಳುತ್ತೆ. ಲೆಕ್ಕ ಡ್ರಮ್ಮಿನ ತೂಕಕ್ಕಲ್ಲ, ಒಳಗಿರೋ ಒಂದೊಂದು ವಸ್ತುವಿಗೂ ಬೇರೆ ಬೇರೆ, ಒಂದೇ ವಸ್ತು ಮೂರು ಮಿಕ್ಸ್‌ಗಳಲ್ಲಿ ಬಂದ್ರೆ ಮೂರನ್ನೂ ಕೂಡಿಸ್ಬೇಕು, ಬಹಳ ಜನ ಎಡವೋದು ಇಲ್ಲೇ. ಒಂದು ಟನ್ ಒಳಗಿದ್ರೂ ಅಪಾಯದ ವಸ್ತುವಾದ್ರೆ ಲೇಬಲ್ ನಿಯಮ, ಎಕಾಗೆ ಕೊಡೋ ವರ್ಗೀಕರಣದ ಮಾಹಿತಿ ತಪ್ಪಲ್ಲ. ನಿರ್ಬಂಧ ಇರೋ ವಸ್ತು ಗ್ರಾಂ ಲೆಕ್ಕದಲ್ಲಿದ್ರೂ ನಿರ್ಬಂಧವೇ.

ಆಸ್ಟ್ರೇಲಿಯಾದಲ್ಲಿ 2020ರ ಜುಲೈ 1ರಿಂದ ಕೆಮಿಕಲ್‌ಗಳನ್ನ ನೋಡ್ಕೊಳ್ಳೋಕೆ ಐಕಿಸ್ ಅನ್ನೋ ಸರ್ಕಾರಿ ವ್ಯವಸ್ಥೆ. ಅಲ್ಲಿ ವ್ಯಾಪಾರಕ್ಕೆ ಅಂತ ಆಮದು ಆಗ್ಲಿ ತಯಾರಿಕೆ ಆಗ್ಲಿ, ಎಷ್ಟೇ ಕಮ್ಮಿ ಇದ್ರೂ ಮೊದ್ಲು ಕಂಪನಿ ರಿಜಿಸ್ಟರ್ ಆಗ್ಬೇಕು. ಎಣ್ಣೆಗೆ ಕಾಸ್ಟಿಕ್ ಸೋಡಾ ಹಾಕಿ ಮನೇಲೇ ಸೋಪು ಮಾಡಿ ಮಾರೋರೂ ಬರ್ತಾರೆ, ಯಾಕಂದ್ರೆ ಎರಡೂ ಸೇರಿದಾಗ ನಡೆಯೋದು ರಾಸಾಯನಿಕ ಕ್ರಿಯೆ, ಹೊರಗೆ ಬರೋದು ಬೇರೆಯದೇ ವಸ್ತು. ಆಮೇಲೆ ನೀವು ತರೋ ವಸ್ತು ಅವರ ಪಟ್ಟಿಯಲ್ಲಿದ್ಯಾ ನೋಡ್ಬೇಕು, 40,000ಕ್ಕೂ ಹೆಚ್ಚು ಕೆಮಿಕಲ್ ಇವೆ ಅದರಲ್ಲಿ. ಇದ್ರೆ ಪಟ್ಟಿಯಲ್ಲಿ ಹಾಕಿರೋ ಷರತ್ತಿನ ಪ್ರಕಾರ ತರಬಹುದು. ಇಲ್ದಿದ್ರೆ ಅಪಾಯ ಎಷ್ಟು ಅಂತ ನೀವೇ ನಿಯಮದ ಪ್ರಕಾರ ಲೆಕ್ಕ ಹಾಕ್ಬೇಕು: ತೀರಾ ಕಮ್ಮಿಯಾದ್ರೆ ವಿನಾಯ್ತಿ, ಕಮ್ಮಿಯಾದ್ರೆ ತರೋಕೆ ಮುಂಚೆ ವರದಿ, ಮಧ್ಯಮ ಅಥವಾ ಜಾಸ್ತಿಯಾದ್ರೆ ಅವರ ಪರಿಶೀಲನೆ ಮುಗಿದು ಸರ್ಟಿಫಿಕೇಟ್ ಬರೋವರ್ಗೂ ಕಾಯ್ಬೇಕು.

ಹಳೇ_ಕಡತ
ಬಿಳಿಕೋಟು ಅವ್ರು ಚೆನ್ನಾಗಿ ಹೇಳಿದ್ದಾರೆ, ಅಮೆರಿಕದ್ದು ನಾನು ಸೇರಿಸ್ತೀನಿ, ಯಾಕಂದ್ರೆ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಆ ಇತಿಹಾಸದಲ್ಲೇ ಇದೆ.

ಟೆಸ್ಟ್ ಮಾಡೋದು, ಡೇಟಾ ಕೊಡೋದು ಬಹುಪಾಲು ಕಂಪನಿಗಳೇ. ಸರ್ಕಾರ ಆ ಡೇಟಾವನ್ನ ಪರಿಶೀಲಿಸುತ್ತೆ. ಅಸಲಿ ಪ್ರಶ್ನೆ ಅಂದ್ರೆ ಡೇಟಾ ಇಲ್ದೇ ಇದ್ದಾಗ ಏನಾಗುತ್ತೆ ಅನ್ನೋದು. ಯೂರೋಪಲ್ಲಿ ಡೇಟಾ ಇಲ್ಲ ಅಂದ್ರೆ ಮಾರ್ಕೆಟ್ಟೂ ಇಲ್ಲ. ಅಮೆರಿಕದಲ್ಲಿ 1976ರಲ್ಲಿ ಟಾಸ್ಕಾ ಅನ್ನೋ ಕೆಮಿಕಲ್ ಕಾಯ್ದೆ ಬಂದಾಗ ಆಗ್ಲೇ ಬಳಕೆಯಲ್ಲಿದ್ದ ಸುಮಾರು 62,000 ಕೆಮಿಕಲ್‌ಗಳನ್ನ ಹಾಗೇ ಪಟ್ಟಿಗೆ ಸೇರಿಸಿಬಿಟ್ರು, ಸುರಕ್ಷಿತವಾ ಅಂತ ಯಾರೂ ಕೇಳ್ಲಿಲ್ಲ. ಪಟ್ಟಿಯಲ್ಲಿಲ್ಲದ ಹೊಸದಕ್ಕೆ ಮಾತ್ರ ಕನಿಷ್ಠ 90 ದಿನ ಮುಂಚೆ ಇಪಿಎಗೆ (ಅಲ್ಲಿನ ಸರ್ಕಾರಿ ಪರಿಸರ ಸಂಸ್ಥೆ) ನೋಟಿಸ್ ಕೊಡ್ಬೇಕು, ಅವರು ಆ ಟೈಮಲ್ಲಿ ಏನೂ ಹೇಳ್ಲಿಲ್ಲ ಅಂದ್ರೆ ಕಂಪನಿ ಶುರು ಮಾಡ್ಬಹುದಿತ್ತು. ಹಳೇ ಕೆಮಿಕಲ್ ಬ್ಯಾನ್ ಮಾಡೋದಂತೂ ಎಷ್ಟು ಕಷ್ಟ ಅಂದ್ರೆ, ಆಸ್ಬೆಸ್ಟಾಸ್ ಮೇಲೆ 1989ರಲ್ಲಿ ಇಪಿಎ ತಂದ ನಿಷೇಧವನ್ನ 1991ರಲ್ಲಿ ಕೋರ್ಟು ಬಹುಪಾಲು ತಳ್ಳಿಹಾಕ್ತು. ಆಸ್ಬೆಸ್ಟಾಸ್ ಕ್ಯಾನ್ಸರ್ ತರುತ್ತೆ ಅಂತ ಆಗ್ಲೇ ಎಲ್ರಿಗೂ ಗೊತ್ತಿತ್ತು ಕಣ್ರೀ! ಕಾಯ್ದೆಗೆ ದೊಡ್ಡ ತಿದ್ದುಪಡಿ ಆಗಿದ್ದು 2016ರಲ್ಲಿ, ಈಗ ಹೊಸ ಕೆಮಿಕಲ್ ಬಗ್ಗೆ ಇಪಿಎ ಖಚಿತವಾಗಿ ನಿರ್ಧಾರ ಹೇಳಲೇಬೇಕು, ಸುಮ್ನಿದ್ರೆ ಒಪ್ಪಿಗೆ ಅಂತ ಅರ್ಥ ಅಲ್ಲ. ಬಿಳಿ ಆಸ್ಬೆಸ್ಟಾಸ್ ನಿಷೇಧದ ಆದೇಶ ಬಂದಿದ್ದು 2024ರಲ್ಲಿ.

ಅಲ್ಲೂ ಕಮ್ಮಿ ಪ್ರಮಾಣಕ್ಕೆ ವಿನಾಯ್ತಿ ಇದೆ, ವರ್ಷಕ್ಕೆ 10,000 ಕೆಜಿ ಒಳಗೆ, ಆದ್ರೆ ಅದನ್ನೂ ಅರ್ಜಿ ಹಾಕಿಯೇ ಪಡೀಬೇಕು.

ಆಮದು_ಹೊಸಬ
ಇಬ್ರಿಗೂ ತುಂಬಾ ಥ್ಯಾಂಕ್ಸ್. ಈಗ ಒಂದು ನಿಜವಾದ ತೊಂದ್ರೆ: ಸೆಂಟಿನ ಮಿಕ್ಸ್ ಕೊಡೋ ಸಪ್ಲೈಯರ್ ಒಳಗೇನಿದೆ ಅಂತ ಪೂರ್ತಿ ಹೇಳ್ತಿಲ್ಲ, ಟ್ರೇಡ್ ಸೀಕ್ರೆಟ್ ಅಂತಾರೆ. ಸೇಫ್ಟಿ ಡೇಟಾ ಶೀಟ್‌ನ (ಮಾಲಿನ ಜೊತೆ ಕೊಡೋ ಸುರಕ್ಷತೆಯ ಮಾಹಿತಿ ಪತ್ರ) 3ನೇ ಭಾಗದಲ್ಲಿ ನಾಲ್ಕು ಹೆಸರು ಇದೆ, ಒಟ್ಟು ಕೂಡಿಸಿದ್ರೆ ನೂರಕ್ಕೆ ನಲವತ್ತೂ ಆಗಲ್ಲ.

ಬಿಳಿಕೋಟು
ಅದು ಸಹಜ, ಆ ಭಾಗದಲ್ಲಿ ಸಾಮಾನ್ಯವಾಗಿ ಅಪಾಯದ ವಸ್ತುಗಳನ್ನ ಮಾತ್ರ ಹಾಕ್ತಾರೆ, ಮಿಕ್ಕಿದ್ದು ಬರಲ್ಲ. ಆದ್ರೆ ಕಾನೂನಿಗೆ ಮಿಕ್ಕಿದ್ದೂ ಲೆಕ್ಕವೇ. ಆಸ್ಟ್ರೇಲಿಯಾಗಾದ್ರೆ ಸಪ್ಲೈಯರ್ ನಿಮಗೆ ತೋರಿಸದೇ ನೇರವಾಗಿ ಐಕಿಸ್‌ಗೇ ವಿವರ ಕೊಡೋ ದಾರಿ ಇದೆ. ಯೂರೋಪಿಗಾದ್ರೆ ಹೊರದೇಶದ ತಯಾರಕರು ಅಲ್ಲೇ ಒಬ್ಬ ಪ್ರತಿನಿಧಿ ನೇಮಿಸಿ ರಿಜಿಸ್ಟ್ರೇಷನ್ ಹೊಣೆ ಪೂರ್ತಿ ಅವರಿಗೆ ಕೊಡ್ಬಹುದು. ಇದ್ಯಾವುದಕ್ಕೂ ಒಪ್ಪದ ಸಪ್ಲೈಯರ್‌ನ ಬಿಟ್ಬಿಡಿ, ಮಾಲು ಬಂದ್ಮೇಲೆ ಉತ್ತರ ಹೇಳ್ಬೇಕಾದವ್ರು ನೀವು.

ನೀರಿನ_ಜಾಡು
ನನ್ನದೊಂದು ಆಕ್ಷೇಪ ಇದೆ. ಅಪಾಯ ಎಷ್ಟು ಅಂತ ಕಂಪನೀನೇ ಲೆಕ್ಕ ಹಾಕೋ ಪದ್ಧತಿ ನನಗೆ ಸಮಾಧಾನ ಕೊಡಲ್ಲ. ನಾನ್‌ಸ್ಟಿಕ್ ಲೇಪನದ ತಯಾರಿಕೆಗೆ ಬಳಸ್ತಿದ್ದ ಪಿಎಫ್ಒಎ ಅನ್ನೋ ಕೆಮಿಕಲ್ ನೋಡಿ, ದಶಕಗಟ್ಟಲೆ ಬಳಸಿ, ನೀರಿಗೆ ಸೇರಿ, ಜನರ ರಕ್ತದಲ್ಲಿ ಕಂಡ್ಮೇಲೆ, 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ (ಬೇಗ ನಾಶವಾಗದ ವಿಷವಸ್ತುಗಳನ್ನ ತಡೆಯೋ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಗೆ ಬಂತು. ಒಂದು ವಸ್ತುವನ್ನ ಹಿಡಿದ್ರೆ ಅದರ ದಾಯಾದಿ ಬರುತ್ತೆ. ಬಿಲ್ಲಿನ ಥರ್ಮಲ್ ಪೇಪರ್‌ನಲ್ಲಿ ಬಿಪಿಎ ಅನ್ನೋ, ಹಾರ್ಮೋನ್ ಏರುಪೇರು ಮಾಡೋ ಕೆಮಿಕಲ್‌ಗೆ ಯೂರೋಪ್ 2020ರಲ್ಲಿ ಕಡಿವಾಣ ಹಾಕ್ತು, ಎಷ್ಟೋ ಕಡೆ ಅದರ ಜಾಗಕ್ಕೆ ಬಂದಿದ್ದು ಬಿಪಿಎಸ್, ರಚನೆಯಲ್ಲೂ ಗುಣದಲ್ಲೂ ಹತ್ತಿರದ್ದೇ. ಒಂದೊಂದಾಗಿ ನೋಡೋ ಬದ್ಲು ಇಡೀ ಗುಂಪನ್ನೇ ಒಟ್ಟಿಗೆ ನೋಡ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಹಳೇ_ಕಡತ
ಗುಂಪಾಗಿ ನೋಡೋದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಆದ್ರೆ ಪ್ರತಿಯೊಂದನ್ನೂ ಸರ್ಕಾರಾನೇ ಮೊದಲಿಂದ ನೋಡ್ಬೇಕು ಅಂದ್ರೆ ಕಡತಗಳು ವರ್ಷಗಟ್ಟಲೆ ಕೊಳೀತವೆ, ಅಷ್ಟರಲ್ಲಿ ಹಳೇದು, ಹೆಚ್ಚು ಕೆಟ್ಟದ್ದು, ಮಾರ್ಕೆಟ್‌ನಲ್ಲೇ ಇರುತ್ತೆ. ಹೊಸದಕ್ಕೆ ಹಾಕೋ ಬಿಗಿ ಹಳೇದಕ್ಕೂ ಹಾಕದೇ ಹೋದ್ರೆ ಕಂಪನಿಗಳು ಹಳೇದನ್ನೇ ಹಿಡ್ಕೊಂಡು ಕೂರ್ತವೆ, ಅದು ನನಗಿರೋ ದೊಡ್ಡ ಚಿಂತೆ.

ಆಮದು_ಹೊಸಬ ಅವ್ರೇ, ನೀವು ಮೊದ್ಲು ಎಲ್ಲಾ ವಸ್ತುಗಳ ಕ್ಯಾಸ್ ನಂಬರ್ (ಒಂದೊಂದು ಕೆಮಿಕಲ್‌ಗೂ ಇರೋ ಗುರುತಿನ ಸಂಖ್ಯೆ) ತಗೊಳ್ಳಿ, ಬರೀ ಬ್ರ್ಯಾಂಡ್ ಹೆಸರು ಇಟ್ಕೊಂಡು ಪಟ್ಟಿ ಹುಡುಕಿದ್ರೆ ಏನೂ ಸಿಗಲ್ಲ. ಆಮೇಲೆ ಆಸ್ಟ್ರೇಲಿಯಾ ಲೆಕ್ಕಾಚಾರಕ್ಕೆ ಬಳಸಿದ ಕಾಗದ ಪತ್ರ ಎಲ್ಲಾ ಎತ್ತಿಡಿ, ಕನಿಷ್ಠ 5 ವರ್ಷ ಇರ್ಬೇಕು, ಅಧಿಕಾರಿಗಳು ಕೇಳಿದಾಗ ಅದನ್ನೇ ತೋರಿಸ್ಬೇಕಾಗುತ್ತೆ.