ಸಹಾಯ ಬೇಕು: ಬೋರ್‌ವೆಲ್ ನೀರಲ್ಲಿ ಗ್ರಾಫೈಟ್ ಗಂಟು ಕಟ್ಟುತ್ತಿದೆ

ತುಮಕೂರಿನ ವಸಂತನರಸಾಪುರದಲ್ಲಿ ಫೋರ್ಜಿಂಗ್ ಡೈಗೆ (ಕಾದ ಲೋಹವನ್ನು ಬಡಿದು ರೂಪ ಕೊಡುವ ಅಚ್ಚಿಗೆ) ಹೊಡೆಯುವ ಗ್ರಾಫೈಟ್ ನೀರನ್ನು ನಾವೇ ಕಲೆಸುತ್ತೇವೆ. 10 ಲೀಟರ್ ನೀರು, 5 ಮೈಕ್ರಾನ್ ಪುಡಿ 1 ಕೆಜಿ, ಸಿಎಂಸಿ (ನೀರನ್ನು ಮಂದ ಮಾಡುವ ಸೆಲ್ಯುಲೋಸ್ ಅಂಟು) 50 ಗ್ರಾಂ, ಪುಡಿ ನೆನೆಯುವಂತೆ ಮಾಡುವ, ನೊರೆ ಕಡಿಮೆ ಇರುವ ವೆಟಿಂಗ್ ಏಜೆಂಟ್ 10 ಎಂಎಲ್. ಸಿಎಂಸಿಯನ್ನು ಹಿಂದಿನ ರಾತ್ರಿಯೇ ನೆನೆಹಾಕುತ್ತೇವೆ. ಪುಡಿಯನ್ನು ಮೊದಲು ವೆಟಿಂಗ್ ಏಜೆಂಟ್ ಬೆರೆಸಿದ ಸ್ವಲ್ಪ ನೀರಲ್ಲಿ ದೋಸೆಹಿಟ್ಟಿಗಿಂತ ಗಟ್ಟಿಯಾಗಿ ಕಲೆಸಿ, ಆಮೇಲೆ ತೆಳು ಮಾಡುತ್ತೇವೆ. ಒಣಪುಡಿ ನೇರ ಸುರಿದರೆ ತೇಲುತ್ತೆ, ಅದು ಗೊತ್ತು.

ಆರ್‌ಒ ನೀರಲ್ಲಿ ಎರಡು ದಿನ ಏನೂ ಆಗಲ್ಲ. ಬೋರ್‌ವೆಲ್ ನೀರಲ್ಲಿ ಅರ್ಧ ಗಂಟೆಗೇ ಹಾಲು ಒಡೆದ ಹಾಗೆ ಚೂರು ಚೂರು. ಮೇಲೆ ತಿಳಿನೀರು, ಕೆಳಗೆ ಕಪ್ಪು ಗಸಿ, ನಾಜಲ್ ಬ್ಲಾಕ್. ಗಡಸುತನ 600 ಪಿಪಿಎಂ. ನೀರಲ್ಲಿರುವ ಕ್ಯಾಲ್ಸಿಯಂ, ಗ್ರಾಫೈಟ್ ಕಣಗಳ ಮೇಲಿನ ಋಣ ಚಾರ್ಜನ್ನು ಮುಚ್ಚಿಹಾಕುತ್ತೆ, ವಿಕರ್ಷಣೆ ಇಲ್ಲದೆ ಒಂದಕ್ಕೊಂದು ಅಂಟುತ್ತವೆ. ಜೋರಾಗಿ ಕಲಕಿದರೆ ಬಿಡುತ್ತವೆ, ನಿಲ್ಲಿಸಿದರೆ ಮತ್ತೆ ಗಂಟು. ಅಮೋನಿಯಾ ಹಾಕಿ ಪಿಎಚ್ 9ಕ್ಕೆ ಏರಿಸಿದರೂ ಅಷ್ಟೇ.

ದಿನಕ್ಕೆ 200 ಲೀಟರ್ ಬೇಕು, ಪೂರ್ತಿ ಆರ್‌ಒ ದುಬಾರಿ. ಸಾಫ್ಟನರ್ ನೀರು ಸಾಕಾ? ಕ್ಯಾಲ್ಸಿಯಂ ಹೋದರೂ ಅದರ ಜಾಗಕ್ಕೆ ಸೋಡಿಯಂ ಬರುತ್ತಲ್ಲ, ಅದೂ ಗಂಟು ಕಟ್ಟಿಸುತ್ತಾ? ಕ್ಯಾಲ್ಸಿಯಂ ಅನ್ನು ಹಿಡಿದಿಡುವ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಬಳಸಿದವರು ಲೀಟರಿಗೆ ಎಷ್ಟು ಗ್ರಾಂ ಹಾಕಿದಿರಿ? ಬಿಸಿ ಡೈ ಮೇಲೆ ಗಾಜಿನಂಥ ಪದರ ಕೂರುತ್ತಾ? ಸೋಪಿನ ಪುಡಿ ಹಾಕಿ ಅಂತ ಮಾತ್ರ ಹೇಳಬೇಡಿ ಮಾರಾಯ್ರೆ, ನೊರೆಯಿಂದ ಸ್ಪ್ರೇ ಕೆಡುತ್ತೆ.