ಸಹಾಯ ಬೇಕು: ‘ಫ್ಯಾದಮ್’ ಕ್ರಿಯಾಪದಕ್ಕೆ ಕನ್ನಡದಲ್ಲಿ ಏನನ್ನೋದು?

ನಮಸ್ಕಾರ. ಒಂದು ಅನುವಾದ ಮಾಡ್ತಾ ‘ಐ ಕಾಂಟ್ ಫ್ಯಾದಮ್ ಹಿಸ್ ಸೈಲೆನ್ಸ್’ (ಅವನ ಮೌನ ನನಗೆ ಅರ್ಥವಾಗುತ್ತಿಲ್ಲ) ಅನ್ನೋ ಇಂಗ್ಲಿಷ್ ವಾಕ್ಯದಲ್ಲಿ ಎರಡು ದಿನದಿಂದ ಸಿಕ್ಕಿಹಾಕಿಕೊಂಡಿದ್ದೀನಿ.

ನಾಮಪದವಾಗಿ ಫ್ಯಾದಮ್ ಅಂದರೆ ಎರಡೂ ಕೈ ಚಾಚಿದಷ್ಟು ಉದ್ದ, ಅಂದರೆ ನಮ್ಮ ‘ಮಾರು’! ನಾವಿಕರು ಸೀಸದ ಗುಂಡು ಕಟ್ಟಿದ ಹಗ್ಗವನ್ನು ತಳ ಮುಟ್ಟೋವರೆಗೂ ಇಳಿಬಿಟ್ಟು, ಎಷ್ಟು ಮಾರು ಒಳಗೆ ಹೋಯಿತು ಅಂತ ಲೆಕ್ಕ ಹಾಕ್ತಿದ್ದರು. ಒಂದು ಫ್ಯಾದಮ್‌ಗೆ 6 ಅಡಿ. ಹೀಗೆ ನೀರಿನ ಆಳ ಅಳೆಯೋ ಮಾತೇ ಮನಸ್ಸಿನ ಆಳಕ್ಕೂ ಬಂತು. ಈಗ ಹೆಚ್ಚಾಗಿ ‘ಆಗಲ್ಲ’ ಅನ್ನೋ ಅರ್ಥದ ವಾಕ್ಯಗಳಲ್ಲೇ ಬಳಕೆ.

‘ಅರ್ಥವಾಗುತ್ತಿಲ್ಲ’ ಅಂತ ಬರೆದರೆ ತೀರಾ ಸಪ್ಪೆ, ನೀರಿನ ನೆನಪೇ ಉಳಿಯಲ್ಲ. ‘ಅವನ ಮೌನದ ಆಳ ಸಿಗುತ್ತಿಲ್ಲ’ ಅಂದರೆ ಸರಿಯಾಗುತ್ತಾ? ‘ಮಾರು’ ಪದವನ್ನೇ ಈ ಅರ್ಥದಲ್ಲಿ ಬಳಸೋ ನುಡಿಗಟ್ಟು ಗೊತ್ತಿದ್ದರೆ ದಯವಿಟ್ಟು ತಿಳಿಸಿ.