ಮಲೆನಾಡಿನ ಅಡುಗೆ ಜೊತೆ ಮನೆಯಲ್ಲೇ ವೈನ್ ಟೇಸ್ಟಿಂಗ್: ಎಂಟು ಜನಕ್ಕೆ ಹೇಗೆ ಹೊಂದಿಸುವುದು?

ತುಂಗಾತೀರ

ತೀರ್ಥಹಳ್ಳಿ ಹತ್ತಿರದ ಮನೆಯಲ್ಲಿ ಜನವರಿ ಕೊನೆಗೆ ಒಂದು ಸಂಜೆ ವೈನ್ ಮತ್ತು ಊಟದ ಟೇಸ್ಟಿಂಗ್ ಇಟ್ಟುಕೊಳ್ಳಬೇಕೆಂದಿದ್ದೇವೆ. ವೈನ್ ರುಚಿ ನೋಡುವವರು ಎಂಟು ಜನ, ಕುಡಿಯದವರು ಇಬ್ಬರು. ಅರ್ಧಕ್ಕರ್ಧ ಸಸ್ಯಾಹಾರಿಗಳು. ಚೀಸ್, ಆಲಿವ್ ಅಂತ ಬೆಂಗಳೂರಿನಿಂದ ತರಿಸುವ ಮನಸ್ಸಿಲ್ಲ; ಪತ್ರೊಡೆ, ಅಣಬೆ, ಕೋಳಿ, ಕಡುಬು ಇಂಥವನ್ನೇ ಇಡಬೇಕು. ಎಷ್ಟು ಬಾಟಲಿ ಬೇಕು? ಯಾವುದರ ಜೊತೆ ಯಾವುದು? ಸಂಜೆ ಕರೆಂಟ್ ಹೋದರೆ ತಂಪು ಮಾಡುವುದು ಹೇಗೆ?

ಕರಿಮೆಣಸಿನ ಬಳ್ಳಿ

ಐದು ವೈನ್, ಒಂದೊಂದೇ ಬಾಟಲಿ ಸಾಕು. ಟೇಸ್ಟಿಂಗ್‌ಗೆ ಒಬ್ಬರಿಗೆ 50 ಮಿ.ಲೀ. ಹಾಕಿದರೆ ಎಂಟು ಜನಕ್ಕೆ 400 ಮಿ.ಲೀ. ಖರ್ಚು. 750ರ ಬಾಟಲಿಯಲ್ಲಿ ಉಳಿದ 350 ಮಿ.ಲೀ. ಊಟದ ಜೊತೆ ಎರಡನೇ ಸುತ್ತಿಗೆ ಬರುತ್ತದೆ. ಆರಕ್ಕಿಂತ ಹೆಚ್ಚು ವೈನ್ ಇಟ್ಟರೆ ಕೊನೆಯ ಎರಡರ ರುಚಿ ಯಾರ ನೆನಪಿನಲ್ಲೂ ಉಳಿಯುವುದಿಲ್ಲ.

ಕ್ರಮ: ಮೊದಲು ಸ್ಪಾರ್ಕ್ಲಿಂಗ್ (ಗುಳ್ಳೆ ಏಳುವ ವೈನ್), ಆಮೇಲೆ ಎರಡು ಬಿಳಿ: ಸೊವಿನ್ಯೋ ಬ್ಲಾಂಕ್, ತುಸು ಸಿಹಿ ಉಳಿದಿರುವ ಶೆನಿನ್ ಬ್ಲಾಂಕ್, ನಂತರ ಹಗುರ ಕೆಂಪು (ಸಾಂಜೊವೆಸೆ ಸಿಕ್ಕರೆ ಒಳ್ಳೆಯದು), ಕೊನೆಗೆ ಗಾಢ ಕೆಂಪಿನ ಶಿರಾಜ್. ಇವೆಲ್ಲ ನಾಸಿಕ್, ಸೋಲಾಪುರ, ನಂದಿ ಬೆಟ್ಟದ ಸುತ್ತಿನ ದ್ರಾಕ್ಷಿಯಿಂದಲೇ ಆಗುತ್ತವೆ, ಆಮದು ಬಾಟಲಿ ಹುಡುಕಬೇಕಾಗಿಲ್ಲ. ಅಂಗಡಿಯಲ್ಲಿ ಬಿಳಿ ವೈನ್ ತೆಗೆದುಕೊಳ್ಳುವಾಗ ವರ್ಷ ನೋಡಿ, ಎರಡು ಮೂರು ವರ್ಷಕ್ಕಿಂತ ಹಳೆಯದು ಬೇಡ. ಕಾರ್ಕ್ ಮೇಲೆದ್ದಿದ್ದರೆ, ಕತ್ತಿನಲ್ಲಿ ಅಂಟಂಟು ಇದ್ದರೆ ಆ ಬಾಟಲಿ ಬಿಸಿಲಿಗೆ ಬೆಂದಿದೆ ಅಂತ ಲೆಕ್ಕ.

ತಾಪಮಾನವನ್ನು ಸಡಿಲ ಬಿಡಬೇಡಿ. ಸ್ಪಾರ್ಕ್ಲಿಂಗ್ 6–8 ಡಿಗ್ರಿ, ಬಿಳಿ 8–12, ಕೆಂಪು 16–18. ಕೆಂಪು ವೈನನ್ನು ‘ರೂಮ್ ಟೆಂಪರೇಚರ್’ನಲ್ಲಿ ಕೊಡಬೇಕು ಎನ್ನುವ ಮಾತು ಹುಟ್ಟಿದ್ದು ತಣ್ಣನೆಯ ಯುರೋಪಿನ ಮನೆಗಳಲ್ಲಿ. ಜನವರಿ ಸಂಜೆಯೂ ನಮ್ಮ ಜಗಲಿ 22–24 ಡಿಗ್ರಿ ಇರಬಹುದು. ಆ ಬಿಸಿಗೆ ಆಲ್ಕೋಹಾಲ್ ಮೂಗಿಗೆ ಹೊಡೆದು ಹಣ್ಣಿನ ವಾಸನೆ ಮುಚ್ಚಿಹೋಗುತ್ತದೆ. ಕೆಂಪು ಬಾಟಲಿಗಳನ್ನೂ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಬಿಳಿಗೆ ಮೂರು ಗಂಟೆ ಬೇಕು.

ಕರೆಂಟ್ ಹೋದರೆ ಬಕೆಟ್: ಅರ್ಧ ಐಸ್, ಅರ್ಧ ನೀರು, ಎರಡು ಹಿಡಿ ಕಲ್ಲುಪ್ಪು. ಕತ್ತಿನವರೆಗೆ ಮುಳುಗಿದ ಬಾಟಲಿ 20 ನಿಮಿಷದಲ್ಲಿ ತಯಾರು. ಬರೀ ಐಸ್‌ನಲ್ಲಿ ಹೂತಿಟ್ಟರೆ ಇದರ ದುಪ್ಪಟ್ಟು ಹೊತ್ತು ಹಿಡಿಯುತ್ತದೆ, ಯಾಕೆಂದರೆ ಐಸ್ ತುಂಡುಗಳ ನಡುವೆ ಗಾಳಿ ಇರುತ್ತದೆ. ನೀರಾದರೆ ಗಾಜಿಗೆ ಪೂರ್ತಿ ತಾಗುತ್ತದೆ. ಮೀನು ಮಾರ್ಕೆಟ್ಟಿನ ಐಸ್ ಆದರೂ ನಡೆಯುತ್ತದೆ, ಆದರೆ ತೆರೆಯುವ ಮೊದಲು ಬಾಟಲಿ ತೊಳೆದು ಒರೆಸಿ. ಸ್ಪಾರ್ಕ್ಲಿಂಗನ್ನು ಫ್ರೀಜರ್‌ನಲ್ಲಿ ಮಾತ್ರ ಇಡಬೇಡಿ, ಮರೆತರೆ ಒಡೆಯುತ್ತದೆ.

ಬಾಳೆಬರೆ ತಿರುವು

ಊಟದ ಬಗ್ಗೆ ನಾನು ಹೇಳುತ್ತೇನೆ. ಮೊದಲು ಋತುವಿನ ಮಾತು: ಜನವರಿಯಲ್ಲಿ ಮರಗೆಸು ಇಲ್ಲ, ಕಾಡಣಬೆಯೂ ಇಲ್ಲ. ಪತ್ರೊಡೆಗೆ ತೋಟದ ಕಾಲುವೆ ಬದಿಯ ಕೆಸುವಿನೆಲೆ ಹುಡುಕಿ, ಅಣಬೆಗೆ ಪೇಟೆಯ ಚಿಪ್ಪಣಬೆ. ಕಳಲೆ ಬೇಕಾದರೆ ಮಳೆಗಾಲದಲ್ಲಿ ಉಪ್ಪಿಗೆ ಹಾಕಿಟ್ಟದ್ದನ್ನು ಎರಡು ಮೂರು ಸಲ ನೀರು ಬದಲಿಸಿ ಉಪ್ಪು ಬಿಡಿಸಿ. ಅವರೆಕಾಳು ಮಾತ್ರ ಈಗ ತಾಜಾ ಇರುತ್ತದೆ, ಬಿಡಬೇಡಿ.

ನಮ್ಮ ಅಡುಗೆಯಲ್ಲಿ ಹುಳಿ, ಖಾರ, ಬೆಲ್ಲ ಮೂರೂ ಒಟ್ಟಿಗೆ ಇರುತ್ತವೆ. ಹುಳಿ ಇರುವ ತಿಂಡಿಯ ಮುಂದೆ ಹುಳಿ ಕಡಿಮೆ ಇರುವ ವೈನ್ ಸಪ್ಪೆ. ಬೆಲ್ಲ ಬಾಯಲ್ಲಿದ್ದರೆ ಸಿಹಿ ಇಲ್ಲದ ವೈನ್ ಕಹಿ. ಖಾರ ಹೆಚ್ಚಾದರೆ ಆಲ್ಕೋಹಾಲಿನ ಉರಿ, ಕೆಂಪು ವೈನಿನ ಒಗರು ಎರಡೂ ಏರುತ್ತವೆ. ಉಪ್ಪು ಒಂದೇ ವೈನಿಗೆ ಸ್ನೇಹಿತ: ಒಗರನ್ನೂ ಹುಳಿಯನ್ನೂ ಮೆತ್ತಗೆ ಮಾಡುತ್ತದೆ. ಇದು ಎಲ್ಲರಿಗೂ ತಿಳಿಯಲೆಂದು ಪ್ರತಿಯೊಬ್ಬರಿಗೂ ಒಂದು ಪುಟ್ಟ ತಟ್ಟೆಯಲ್ಲಿ ಚಿಟಿಕೆ ಉಪ್ಪು, ನಿಂಬೆ ಹೋಳು, ಬೆಲ್ಲದ ಚೂರು, ಸೂಜಿಮೆಣಸಿನ ತುದಿ ಇಡಿ. ಒಂದನ್ನು ನಾಲಿಗೆಗೆ ತಾಗಿಸಿ, ಒಂದು ಗುಟುಕು. ಮತ್ತೊಂದು, ಮತ್ತೊಂದು ಗುಟುಕು. ಮೆಣಸು ಕಡೆಗೆ. ಹತ್ತು ನಿಮಿಷದ ಕೆಲಸ, ಇಡೀ ಸಂಜೆಯ ಮಾತಿಗೆ ಇದೇ ಬುನಾದಿ.

ಈಗ ಜೋಡಿ. ಸ್ಪಾರ್ಕ್ಲಿಂಗ್ ಜೊತೆ ಹಲಸಿನಕಾಯಿ ಹಪ್ಪಳ, ಬಾಳೆಕಾಯಿ ಚಿಪ್ಸ್: ಉಪ್ಪು, ಎಣ್ಣೆ ಎರಡನ್ನೂ ಗುಳ್ಳೆ ಮತ್ತು ಹುಳಿ ತೊಳೆದುಬಿಡುತ್ತವೆ. ಸೊವಿನ್ಯೋ ಬ್ಲಾಂಕ್ ಜೊತೆ ಅವರೆಕಾಳು ಉಸ್ಲಿ ಅಥವಾ ಕಳಲೆ ಪಲ್ಯ, ನಿಂಬೆ ಹಿಂಡಿ. ಹುಣಸೆ, ಬೆಲ್ಲ, ಖಾರ ಸೇರಿದ ಪತ್ರೊಡೆಗೆ ಅರೆಸಿಹಿ ಶೆನಿನ್ ಬಿಟ್ಟರೆ ಬೇರೆ ದಾರಿಯಿಲ್ಲ. ಚಿಪ್ಪಣಬೆಯನ್ನು ತುಪ್ಪದಲ್ಲಿ ಹುರಿದು ಸಾಂಜೊವೆಸೆ ಜೊತೆ ಇಡಿ. ಉಪ್ಪು ಸರಿಯಾಗಿ ಹಾಕಿ, ಇಲ್ಲದಿದ್ದರೆ ಅಣಬೆಯ ಸತ್ವ ಕೆಂಪು ವೈನನ್ನು ಕಹಿ ಮಾಡುತ್ತದೆ.

ಶಿರಾಜ್‌ಗೆ ಕರಿಮೆಣಸಿನ ಕೋಳಿ ಹುರುಕಲು. ಶಿರಾಜ್‌ನಲ್ಲಿ ಬರುವ ಮೆಣಸಿನ ಘಮಕ್ಕೆ ಕಾರಣ ರೊಟಂಡೋನ್ ಎಂಬ ವಸ್ತು, ನಮ್ಮ ಬಳ್ಳಿಯ ಕರಿಮೆಣಸಿನಲ್ಲಿ ಇರುವುದೂ ಅದೇ. ತಂಪು ಸೀಮೆಯ ದ್ರಾಕ್ಷಿಯಲ್ಲಿ ಅದು ಹೆಚ್ಚು. ಸುಮಾರು ಐವರಲ್ಲಿ ಒಬ್ಬರ ಮೂಗಿಗೆ ಈ ವಾಸನೆ ಹತ್ತುವುದೇ ಇಲ್ಲ. ಯಾರಾದರೂ ‘ನನಗೇನೂ ಬರ್ತಿಲ್ಲ’ ಅಂದರೆ ಒಪ್ಪಿಕೊಳ್ಳಿ, ವಾದ ಬೇಡ. ಸಸ್ಯಾಹಾರಿಗಳಿಗೆ ಅದೇ ಮಸಾಲೆಯಲ್ಲಿ ಸುವರ್ಣಗೆಡ್ಡೆ.

ಅಪ್ಪೆಮಿಡಿ ಉಪ್ಪಿನಕಾಯಿ ಟೇಸ್ಟಿಂಗ್ ಮುಗಿದ ಮೇಲೆ ಊಟಕ್ಕೆ ಬರಲಿ. ಅದರ ಮುಂದೆ ಯಾವ ವೈನೂ ನಿಲ್ಲುವುದಿಲ್ಲ. ಹೊಳೆಮೀನು ಮಾಡುವುದಾದರೆ ಬಿಳಿ ವೈನಿನ ಜೊತೆ ಮಾತ್ರ. ಕೆಂಪಿನ ಜೊತೆ ಬಾಯಿ ಕಬ್ಬಿಣ ಕಬ್ಬಿಣ ಅನ್ನಿಸುತ್ತದೆ. ಸಿಹಿಗೆ ತೊಡೆದೇವು ಇಟ್ಟರೆ ವೈನ್ ಅದಕ್ಕಿಂತ ಸಿಹಿ ಇರಬೇಕು: ಲೇಟ್ ಹಾರ್ವೆಸ್ಟ್ (ತಡವಾಗಿ ಕೊಯ್ದ ಸಿಹಿ ದ್ರಾಕ್ಷಿಯ) ಶೆನಿನ್, ತಲಾ 30 ಮಿ.ಲೀ.

ಕೊಡಚಾದ್ರಿ ತಪ್ಪಲು

ಜೋಡಿಗಳೆಲ್ಲ ಒಪ್ಪಿಗೆ, ಒಂದು ತಿದ್ದುಪಡಿ. ಪ್ರತಿ ವೈನನ್ನೂ ಮೊದಲು ಬರಿಬಾಯಲ್ಲಿ ಎರಡು ಗುಟುಕು, ಆಮೇಲೆ ತಿಂಡಿ, ಮತ್ತೆ ಗುಟುಕು. ತಿಂಡಿ ಮೊದಲು ಬಾಯಿಗೆ ಹೋದರೆ ಹೋಲಿಕೆಗೆ ಏನೂ ಉಳಿಯುವುದಿಲ್ಲ. ನಡುವೆ ನಾಲಿಗೆ ತೊಳೆಯಲು ಎಣ್ಣೆ ಒಗ್ಗರಣೆ ಇಲ್ಲದ ಬಿಳಿ ಮಂಡಕ್ಕಿ ಮತ್ತು ನೀರು. ಬಿಸ್ಕತ್ತಿನಲ್ಲಿ ಸಕ್ಕರೆ ಇರುತ್ತದೆ, ಅದು ಬೇಡ. ನೀರು ತಲಾ ಅರ್ಧ ಲೀಟರ್‌ಗಿಂತ ಕಡಿಮೆ ಇಡಬೇಡಿ.

ನಮ್ಮ ಕಡೆಯ ದೊಡ್ಡ ಅಡ್ಡಿ ಎಲೆಯಡಿಕೆ. ಅಡಿಕೆಯ ಒಗರು ನಾಲಿಗೆಯಲ್ಲಿ ಕೂತರೆ ಕೆಂಪು ವೈನಿನ ಒಗರು ಅಳೆಯಲು ಬರುವುದಿಲ್ಲ. ಒಂದು ಗಂಟೆ ಮೊದಲಿಂದಲೇ ಕವಳ, ಕಾಫಿ, ಸಿಗರೇಟು ನಿಲ್ಲಲಿ, ಆಹ್ವಾನಿಸುವಾಗಲೇ ಹೇಳಿಬಿಡಿ. ಆ ಕೋಣೆಯಲ್ಲಿ ಊದುಬತ್ತಿ ಬೇಡ, ಮೇಜಿನ ಮೇಲೆ ಮಲ್ಲಿಗೆ ಬೇಡ. ಕೋಳಿ ಹುರಿಯುವುದನ್ನು ಅತಿಥಿಗಳು ಬರುವ ಮೊದಲೇ ಮುಗಿಸಿ, ಕಿಟಕಿ ತೆರೆದಿಡಿ.

ಗ್ಲಾಸ್ ಬಾಯಿ ಕಿರಿದಾಗಿ ಹೊಟ್ಟೆ ಅಗಲ ಇರಲಿ, 200 ಮಿ.ಲೀ.ಗಿಂತ ಚಿಕ್ಕದು ಬೇಡ. ತಲಾ ಎರಡು, ಒಟ್ಟು ಹದಿನಾರು. ಕಪಾಟಿನಲ್ಲಿ ಬೋರಲು ಹಾಕಿಟ್ಟ ಗ್ಲಾಸಿನೊಳಗೆ ಬೂಷ್ಟಿನ ವಾಸನೆ ನಿಂತಿರುತ್ತದೆ. ಹಿಂದಿನ ದಿನ ಬಿಸಿನೀರಿನಲ್ಲಿ ತೊಳೆದು, ಸೋಪಿನ ಅಂಶ ಪೂರ್ತಿ ಹೋಗಿಸಿ, ನೆಟ್ಟಗೆ ನಿಲ್ಲಿಸಿ ಒಣಗಿಸಿ.

ತುಂಗಾತೀರ

ತುಂಬಾ ಉಪಯೋಗವಾಯಿತು. ಇನ್ನು ಮೂರು ಪ್ರಶ್ನೆ: ಬಾಟಲಿ ಮುಚ್ಚಿಟ್ಟು ಬ್ಲೈಂಡ್ ಆಗಿ ಮಾಡಬೇಕೇ? ಕುಡಿಯದವರಿಗೆ ಏನು? ಖರ್ಚು ಹಂಚಿಕೊಂಡರೆ ತೊಂದರೆಯಿದೆಯೇ?

ಕರಿಮೆಣಸಿನ ಬಳ್ಳಿ

ಬ್ಲೈಂಡ್ ಎರಡು ಕೆಂಪಿಗೆ ಮಾತ್ರ ಸಾಕು. ಕತ್ತಿನ ಹೊದಿಕೆ ಪೂರ್ತಿ ಬಿಚ್ಚಿ, ಪತ್ರಿಕೆ ಸುತ್ತಿ, ಸಂಖ್ಯೆ ಬರೆಯಿರಿ. ಯಾವುದು ಯಾವುದೆಂದು ಒಬ್ಬರಿಗಷ್ಟೇ ಗೊತ್ತಿರಲಿ. ಬಾಟಲಿಗಳನ್ನು ಮನೆಯವರೇ ಮೊದಲು ತೆರೆದು ಮೂಸಿ: ಒದ್ದೆ ರಟ್ಟಿನ ವಾಸನೆ ಬಂದರೆ ಅದು ಕಾರ್ಕಿನ ದೋಷ, ಗಾಳಿಗಿಟ್ಟರೂ ಹೋಗದು. ಅದಕ್ಕೇ ಕಾರ್ಕಿನ ಬಾಟಲಿಯಲ್ಲಿ ಒಂದು ಹೆಚ್ಚುವರಿ ಇರಲಿ. ಶಿರಾಜ್ ಬಿಗಿಯಾಗಿದ್ದರೆ (ಒಗರು ಮುಂದಾಗಿ ಘಮ ಬಿಚ್ಚದಿದ್ದರೆ) ಅರ್ಧ ಗಂಟೆ ಮೊದಲು ಗಾಜಿನ ಅಥವಾ ಸ್ಟೀಲ್ ಜಗ್ಗಿಗೆ ಸುರಿಯಿರಿ. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರ ಖಂಡಿತ ಬೇಡ.

ಕುಡಿಯದವರನ್ನು ಸೋಡಾ ಕೊಟ್ಟು ಮೂಲೆಗೆ ಕೂರಿಸಬೇಡಿ. ಸಕ್ಕರೆ ಹಾಕದ ಮುರುಗಲ ನೀರು ಹುಳಿಗೆ, ತಣ್ಣೀರಿನಲ್ಲಿ ರಾತ್ರಿ ನೆನೆಸಿ ಸೋಸಿದ ಕಪ್ಪು ಚಹಾ ಒಗರಿಗೆ, ಜೋನಿಬೆಲ್ಲದ ಪಾನಕ ಸಿಹಿಗೆ. ಅದೇ ತಟ್ಟೆ, ಅದೇ ಪರೀಕ್ಷೆ ಅವರಿಗೂ ನಡೆಯುತ್ತದೆ.

ಗೆಳೆಯರು ಬಾಟಲಿಯ ಖರ್ಚು ಹಂಚಿಕೊಳ್ಳುವುದು ಬೇರೆ. ಟಿಕೆಟ್ ಇಟ್ಟು ಹೊರಗಿನವರಿಂದ ಹಣ ಪಡೆದರೆ ಅದು ಮಾರಾಟ, ಅಬಕಾರಿ ಇಲಾಖೆಯ ತಾತ್ಕಾಲಿಕ ಪರವಾನಗಿ ಬೇಕು. 21 ತುಂಬದವರಿಗೆ ಗ್ಲಾಸ್ ಬೇಡ.

ಬಾಳೆಬರೆ ತಿರುವು

ಉಗುಳಲು ಒಂದು ಅಗಲಬಾಯಿಯ ಚೊಂಬು ಮೇಜಿನ ಮೇಲೇ ಇಡಿ, ಇಲ್ಲದಿದ್ದರೆ ಯಾರೂ ಕೇಳುವುದಿಲ್ಲ. ಐದು ವೈನನ್ನೂ ನುಂಗಿದರೆ 250 ಮಿ.ಲೀ., ಅಂದರೆ ಸುಮಾರು 25 ಗ್ರಾಂ ಆಲ್ಕೋಹಾಲ್, ಎರಡನೇ ಸುತ್ತು ಬೇರೆ. ವಾಹನ ಓಡಿಸುವವರಿಗೆ ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ, ಆ ಮಟ್ಟ ದಾಟಲು ಇಷ್ಟು ಸಾಕು. ಆಗುಂಬೆ ಘಾಟಿ ಇಳಿದು ಹೋಗಬೇಕಾದವರಿಗೆ ಹಾಸಿಗೆ ಹಾಸಿ, ಇಲ್ಲವೇ ಕುಡಿಯದ ಇಬ್ಬರಲ್ಲಿ ಒಬ್ಬರು ಕಾರು ಓಡಿಸಲಿ. ಉಳಿದ ವೈನಿಗೆ ಕಾರ್ಕ್ ಒತ್ತಿ ಫ್ರಿಜ್‌ನಲ್ಲಿ ನಿಲ್ಲಿಸಿಡಿ, ಕೆಂಪನ್ನೂ ಅಲ್ಲೇ. ಎರಡು ಮೂರು ದಿನ ಚೆನ್ನಾಗಿರುತ್ತದೆ. ಸ್ಪಾರ್ಕ್ಲಿಂಗ್ ಮಾತ್ರ ಆ ರಾತ್ರಿಯೇ ಮುಗಿಯಬೇಕು.